ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮ್ಮನ ಮಂಡಿ, ಮಗಳ ಉಳಿತಾಯ ಮತ್ತು ಲಂಡನ್

ಪ್ರಶ್ನೆ: ನನ್ನ ತಾಯಿಗೆ ಈಗ ಅರವತ್ತೇಳು ವರ್ಷ. ಶಾಲಾ ಶಿಕ್ಷಕಿಯಾಗಿ ನಿವೃತ್ತರಾದ ಅವರು ಗೋಡೆಯ ನಕಾಶೆಯ ಮೇಲೆ ಕೋಲಿಟ್ಟು ಎಷ್ಟೋ ಮಕ್ಕಳಿಗೆ ಥೇಮ್ಸ್ ನದಿಯನ್ನು ತೋರಿಸಿದ್ದಾರೆ. ತಾವು ಮಾತ್ರ ಇದುವರೆಗೆ ವಿಮಾನ ಹತ್ತಿಲ್ಲ. ಮುಂದಿನ ವರ್ಷ ಏಳು ದಿನಗಳ ಮಟ್ಟಿಗೆ ಅವರನ್ನು ಲಂಡನ್ನಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಸಂಬಳದಲ್ಲಿ ಉಳಿಸಿದ ಹಣವಷ್ಟೇ ಕೈಯಲ್ಲಿರುವುದರಿಂದ ಪ್ರತಿಯೊಂದನ್ನೂ ಲೆಕ್ಕ ಹಾಕಿಯೇ ಮಾಡಬೇಕಾಗಿದೆ. ನಡುವೆ ಹನ್ನೊಂದು ಗಂಟೆ ಕಾಯಬೇಕಾದ, ಆದರೆ ಎಲ್ಲಕ್ಕಿಂತ ಅಗ್ಗವಾದ ಒಂದು ವಿಮಾನವನ್ನೂ, ನಗರದ ಹೊರವಲಯದಲ್ಲಿ ನಿಲ್ದಾಣದಿಂದ ಇಪ್ಪತ್ತೈದು ನಿಮಿಷ ನಡೆಯಬೇಕಾದ ಒಂದು ಕೋಣೆಯನ್ನೂ ಗುರುತಿಸಿಟ್ಟಿದ್ದೇನೆ. ನೋಡಬೇಕಾದ ಇಪ್ಪತ್ತಮೂರು ಸ್ಥಳಗಳ ಪಟ್ಟಿಯೂ ಸಿದ್ಧವಿದೆ. ಅಮ್ಮನಿಗೆ ಮಂಡಿ ನೋವಿದೆ. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ‘ನಿನಗೇನು ನೋಡಬೇಕಮ್ಮ’ ಎಂದು ಕೇಳಿದರೆ ‘ನೀನು ಎಲ್ಲಿಗೆ ಕರೆದರೂ ಬರುತ್ತೇನೆ’ ಎನ್ನುತ್ತಾರೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ತಿಳಿಸುವಿರಾ?

ಉತ್ತರ: ನಿಮ್ಮ ಪತ್ರದಲ್ಲಿರುವ ಎರಡು ದೊಡ್ಡ ಉಳಿತಾಯಗಳನ್ನು, ಅಂದರೆ ವಿಮಾನವನ್ನೂ ಕೋಣೆಯನ್ನೂ, ಮೊದಲು ಕೈಬಿಡಿ. ಈ ಪ್ರವಾಸದಲ್ಲಿ ನಿಮ್ಮ ಬಳಿ ಎರಡು ಗಂಟುಗಳಿರುತ್ತವೆ: ಒಂದರಲ್ಲಿ ಹಣ, ಇನ್ನೊಂದರಲ್ಲಿ ನಿಮ್ಮ ತಾಯಿಯವರ ಶಕ್ತಿ. ಎರಡನೆಯದು ಚಿಕ್ಕದು, ಖಾಲಿಯಾದರೆ ಆ ದಿನ ಮತ್ತೆ ತುಂಬುವುದಿಲ್ಲ. ಹನ್ನೊಂದು ಗಂಟೆಗಳ ಕಾಯುವಿಕೆಯೂ ಇಪ್ಪತ್ತೈದು ನಿಮಿಷಗಳ ನಡಿಗೆಯೂ ಹಣದ ಗಂಟನ್ನು ಉಳಿಸಿ ಶಕ್ತಿಯ ಗಂಟಿಗೆ ಕೈಹಾಕುತ್ತವೆ. ಲಂಡನ್ ದುಬಾರಿ ನಗರವೆಂಬುದು ನಿಜವಾದರೂ, ಶಕ್ತಿಯನ್ನು ಮುಟ್ಟದೆಯೇ ಹಣ ಉಳಿಸಲು ಅಲ್ಲಿರುವಷ್ಟು ದಾರಿಗಳು ಬೇರೆ ದೊಡ್ಡ ನಗರಗಳಲ್ಲಿ ಕಡಿಮೆ.

ವಿಮಾನದ ಮಾತು ಬೇಗ ಮುಗಿಯುತ್ತದೆ. ನೇರ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ ನಡುವಿನ ಬಿಡುವು ಎರಡರಿಂದ ನಾಲ್ಕು ಗಂಟೆಯೊಳಗೆ ಇರಲಿ. ಓಡಾಡುವ ನಡುದಾರಿಯ ಪಕ್ಕದ ಆಸನಕ್ಕೆ ಹೆಚ್ಚುವರಿ ಹಣ ಕೇಳಿದರೂ ಕೊಡಿ, ಏಕೆಂದರೆ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಗಾಗ ಎದ್ದು ಓಡಾಡಬೇಕಾದ ವಯಸ್ಸು ಅವರದು. ವೀಸಾ ಬೇಕಾದವರಾದರೆ ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕಾಗುತ್ತದೆ. ಅದು ಕೈಗೆ ಬರುವ ಮುನ್ನ ಹಣ ಮರಳಿ ಬಾರದಂಥ ಯಾವ ಟಿಕೆಟನ್ನೂ ಕೊಳ್ಳಬೇಡಿ.

ಕೋಣೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಲಂಡನ್ನಿನ ನಡುಭಾಗದಲ್ಲಿ ಅಗ್ಗವಾಗಿ ಸಿಗುವ ಎಷ್ಟೋ ಹೋಟೆಲುಗಳು ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಗಳಲ್ಲಿವೆ. ಹೊರಗೆ ಬಿಳಿ ಕಂಬ, ಒಳಗೆ ಇಕ್ಕಟ್ಟಾದ ಮರದ ಮೆಟ್ಟಿಲು, ಲಿಫ್ಟ್ ಇರುವುದಿಲ್ಲ. ಹಲವು ವರ್ಷಗಳ ಹಿಂದೆ ನಾನೂ ನನ್ನ ತಾಯಿಯನ್ನು ಅಂಥದೊಂದು ಕಡೆಗೆ ಕರೆದೊಯ್ದಿದ್ದೆ. ಮೂರನೆಯ ಮಹಡಿಯ ಕೋಣೆಯೆಂದು ಬರೆದಿತ್ತು; ಬ್ರಿಟನ್ನಿನಲ್ಲಿ ನೆಲಮಹಡಿಯನ್ನು ಎಣಿಸುವುದಿಲ್ಲ, ಮೊದಲ ಮಹಡಿ ಆರಂಭವಾಗುವುದೇ ಅದರ ಮೇಲೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾನು ಪೆಟ್ಟಿಗೆಗಳನ್ನು ಮೇಲಿಟ್ಟು ಇಳಿದು ಬಂದಾಗ ಅಮ್ಮ ಎರಡನೆಯ ತಿರುವಿನ ಮೆಟ್ಟಿಲ ಮೇಲೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಒರೆಸುತ್ತ ಕುಳಿತಿದ್ದರು. ‘ಗೋಡೆಗೆ ಹಚ್ಚಿರುವ ಕಾಗದ ಚೆನ್ನಾಗಿದೆ ನೋಡು’ ಎಂದರು. ಉಳಿದ ಐದು ದಿನವೂ ಅವರು ಮಧ್ಯಾಹ್ನ ಕೋಣೆಗೆ ಮರಳಲು ಒಪ್ಪಲಿಲ್ಲ, ಏಕೆಂದರೆ ಮರಳಿದರೆ ಮತ್ತೆ ಇಳಿದು, ಮತ್ತೆ ಹತ್ತಬೇಕಿತ್ತು.

ಆದ್ದರಿಂದ ಕೋಣೆ ಕಾದಿರಿಸುವ ಮುನ್ನ ನಾಲ್ಕು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಲಿಫ್ಟ್ ನಿಮ್ಮ ಮಹಡಿಯವರೆಗೂ ಬರುತ್ತದೆಯೆ, ಬಾಗಿಲ ಮುಂದೆ ಮೆಟ್ಟಿಲುಗಳಿವೆಯೆ, ಹಾಸಿಗೆಗಳು ಎರಡು ಪ್ರತ್ಯೇಕವಾಗಿವೆಯೆ, ಸ್ನಾನಕ್ಕೆ ನೆಲಮಟ್ಟದ ಷವರ್ ಇದೆಯೆ ಎಂಬುವೇ ಆ ನಾಲ್ಕು. ಕೊನೆಯದನ್ನು ಯಾರೂ ಕೇಳುವುದಿಲ್ಲ. ಬ್ರಿಟಿಷ್ ಹೋಟೆಲುಗಳಲ್ಲಿ ಷವರ್ ಬಹುಪಾಲು ಸ್ನಾನದ ತೊಟ್ಟಿಯ ಮೇಲೆಯೇ ಇರುತ್ತದೆ. ಮಂಡಿ ಮಡಿಸಲಾಗದವರು ಒದ್ದೆ ಕಾಲಿನಲ್ಲಿ ಆ ಎತ್ತರದ ಅಂಚನ್ನು ದಾಟುವುದು ಇಡೀ ಪ್ರವಾಸದ ಅತ್ಯಂತ ಅಪಾಯದ ಕ್ಷಣ.

ಜಾಗದ ಆಯ್ಕೆಗೆ ನನ್ನ ಸಲಹೆ ಇದು: ನಗರದ ನಡುಭಾಗವೇ ಬೇಕೆಂದು ಹಟ ಹಿಡಿಯಬೇಡಿ, ಆದರೆ ಎಲಿಜಬೆತ್ ಲೈನಿನ ಯಾವುದಾದರೊಂದು ನಿಲ್ದಾಣದ ಹತ್ತಿರವೇ ಉಳಿಯಿರಿ. 2022ರ ಮೇ ತಿಂಗಳಲ್ಲಿ ಆರಂಭವಾದ ಈ ಮಾರ್ಗದ 41 ನಿಲ್ದಾಣಗಳಲ್ಲಿಯೂ ಬೀದಿಯಿಂದ ಪ್ಲಾಟ್‌ಫಾರಂವರೆಗೆ ಒಂದು ಮೆಟ್ಟಿಲನ್ನೂ ಹತ್ತದೆ ಹೋಗಬಹುದು. ಹಳೆಯ ಸುರಂಗ ರೈಲಿನ, ಅಂದರೆ ಅಲ್ಲಿಯವರು ಟ್ಯೂಬ್ ಎನ್ನುವುದರ, ನಿಲ್ದಾಣಗಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕಷ್ಟೇ ಈ ಸೌಕರ್ಯವಿದೆ. ಈಲಿಂಗ್ ಬ್ರಾಡ್‌ವೇ, ವೈಟ್‌ಚಾಪೆಲ್, ವುಲಿಚ್‌ನಂಥ ಕಡೆಗಳಲ್ಲಿ ನಿಲ್ದಾಣದಿಂದ ಐದಾರು ನಿಮಿಷದೊಳಗೆ ಸಿಗುವ ಹೊಸ ಕಟ್ಟಡದ ಸಾಮಾನ್ಯ ಹೋಟೆಲು, ನಡುಭಾಗದ ಲಿಫ್ಟ್ ಇಲ್ಲದ ಹಳೆಯ ಕೋಣೆಗಿಂತ ಎಷ್ಟೋ ವಾಸಿ. ಹೀಥ್ರೂ ವಿಮಾನ ನಿಲ್ದಾಣದಿಂದ ಇದೇ ರೈಲು ನೇರವಾಗಿ ನಗರದೊಳಕ್ಕೆ ಬರುತ್ತದೆ. ಪಿಕ್ಕಾಡಿಲಿ ಲೈನಿನಲ್ಲಿ ಬಂದರೆ ದರ ಇದರ ಅರ್ಧಕ್ಕಿಂತಲೂ ಕಡಿಮೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರನ್ನು ಪೆಟ್ಟಿಗೆಗಳ ಜೊತೆ ಹೆಚ್ಚು ಹೊತ್ತು ಕೂರಿಸಿ, ಲೆಸ್ಟರ್ ಸ್ಕ್ವೇರ್‌ನಂಥ ಲಿಫ್ಟ್ ಇಲ್ಲದ ನಿಲ್ದಾಣದಲ್ಲಿ ಇಳಿಸಿ ಆ ಹಣವನ್ನು ಉಳಿಸಬೇಕಾಗಿಲ್ಲ.

ಈಗ ನಿಜವಾದ ಉಳಿತಾಯಕ್ಕೆ ಬರೋಣ. ಅದರ ಹೆಸರು ಕೆಂಪು ಬಸ್ಸು. 2023ರ ಮಾರ್ಚ್‌ನಲ್ಲಿ ಬಸ್ಸಿನ ದರ 1.75 ಪೌಂಡ್ ಆಯಿತು. ಮೊದಲ ಬಸ್ಸಿಗೆ ಕಾರ್ಡ್ (ತಾಗಿಸಿ ಹಣ ಕೊಡುವ ಬ್ಯಾಂಕ್ ಕಾರ್ಡ್ ಅಥವಾ ಅಲ್ಲಿನ ಆಯ್ಸ್ಟರ್ ಎಂಬ ಪ್ರಯಾಣ ಕಾರ್ಡ್) ತಾಗಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಹತ್ತಿದರೂ ಮತ್ತೆ ಹಣ ಕಡಿತವಾಗುವುದಿಲ್ಲ. ದಿನವೆಲ್ಲ ಬಸ್ಸಿನಲ್ಲಿಯೇ ಓಡಾಡಿದರೆ ಆ ದರದಂತೆ ಮೂರು ಪ್ರಯಾಣಗಳ ಮೊತ್ತವಾದ 5.25 ಪೌಂಡ್‌ಗೆ ಲೆಕ್ಕ ನಿಲ್ಲುತ್ತದೆ. ದರಗಳು ಆಗಾಗ ಪರಿಷ್ಕಾರವಾಗುವುದರಿಂದ ಹೊರಡುವ ಮುನ್ನ ಇನ್ನೊಮ್ಮೆ ನೋಡಿಕೊಳ್ಳಿ. ಬಸ್ಸುಗಳೆಲ್ಲ ತಗ್ಗಿದ ನೆಲದವು, ಬಾಗಿಲ ಹತ್ತಿರದಲ್ಲಿಯೇ ಹಿರಿಯರಿಗೆಂದು ಮೀಸಲಾದ ಆಸನಗಳಿವೆ. 24ನೇ ನಂಬರಿನ ಬಸ್ಸು ಪಾರ್ಲಿಮೆಂಟ್ ಸ್ಕ್ವೇರ್, ವೈಟ್‌ಹಾಲ್, ಟ್ರಫಾಲ್ಗರ್ ಸ್ಕ್ವೇರ್‌ಗಳನ್ನು ಹಾದು ಹ್ಯಾಂಪ್‌ಸ್ಟೆಡ್ ಹೀತ್ ಕಡೆಗೆ ಹೋಗುತ್ತದೆ; 15ನೇ ನಂಬರಿನದು ಟ್ರಫಾಲ್ಗರ್ ಸ್ಕ್ವೇರ್‌ನಿಂದ ಸೇಂಟ್ ಪಾಲ್ಸ್ ಕೆಥೆಡ್ರಲ್ ಮುಂದಿನಿಂದ ಟವರ್ ಆಫ್ ಲಂಡನ್ ಕೋಟೆಯವರೆಗೆ ಒಯ್ಯುತ್ತದೆ. ಪ್ರವಾಸಿಗಳ ತೆರೆದ ಬಸ್ಸಿಗೆ ಹತ್ತಾರು ಪೌಂಡ್ ಕೊಟ್ಟು ನೋಡುವುದನ್ನು ನಿಮ್ಮ ತಾಯಿಯವರು ಕಿಟಕಿಯ ಪಕ್ಕ ಕುಳಿತು, ಊರಿನವರ ನಡುವೆಯೇ ನೋಡುತ್ತಾರೆ. ಮೇಲಿನ ಮಹಡಿಯ ಮುಂಭಾಗದ ಸೀಟಿನ ಆಸೆ ಅವರಿಗಿದ್ದರೆ, ಬಸ್ಸು ಹೊರಡುವ ಮೊದಲ ನಿಲ್ದಾಣದಲ್ಲಿ, ಅದು ನಿಂತಿರುವಾಗಲೇ ಹತ್ತಿಸಿ.

ಎರಡು ಎಚ್ಚರಿಕೆಗಳು. 2014ರಿಂದ ಲಂಡನ್ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಒಂದೇ ಕಾರ್ಡನ್ನು ಇಬ್ಬರಿಗೆ ಬಳಸಿದರೆ ಮೇಲೆ ಹೇಳಿದ ಮಿತಿಗಳು ಸರಿಯಾಗಿ ಅನ್ವಯವಾಗುವುದಿಲ್ಲ, ರೈಲಿನಲ್ಲಂತೂ ಗೇಟೇ ತೆರೆಯುವುದಿಲ್ಲ. ತಾಯಿಯವರ ಕೈಗೆ ಅವರದೇ ಒಂದು ಕಾರ್ಡ್ ಕೊಡಿ. ಬಸ್ಸಿನಲ್ಲಿ ಹತ್ತುವಾಗ ಒಮ್ಮೆ, ರೈಲು ನಿಲ್ದಾಣದ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಾಗಿಸಬೇಕೆಂಬ ನಿಯಮವನ್ನು ಎರಡನೆಯ ದಿನಕ್ಕೆ ಅವರೇ ನಿಮಗೆ ನೆನಪಿಸುತ್ತಾರೆ.

ಇಪ್ಪತ್ತಮೂರರ ಪಟ್ಟಿಯ ಬಗ್ಗೆ ನಿಷ್ಠುರವಾಗಿ ಹೇಳುವುದಾದರೆ, ಅದು ನಿಮ್ಮ ಪಟ್ಟಿ. ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ಎರಡು ಗಂಟೆ ವಿಶ್ರಾಂತಿ ಎಂದುಕೊಂಡರೆ, ಬಂದ ದಿನವನ್ನೂ ಹೊರಡುವ ದಿನವನ್ನೂ ಬಿಟ್ಟು ಹತ್ತು ಸ್ಥಳಗಳಾಗುತ್ತವೆ. ಅದರಲ್ಲಿ ಬಹುಪಾಲು ಉಚಿತವಾಗಿಯೇ ಸಿಗುತ್ತದೆ. ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು, ಪ್ರವೇಶಕ್ಕೆ ಇಂದಿಗೂ ಶುಲ್ಕವಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ ಮುಂತಾದವುಗಳ ಶುಲ್ಕವನ್ನು 2001ರ ಡಿಸೆಂಬರ್‌ನಲ್ಲಿ ತೆಗೆದುಹಾಕಲಾಯಿತು. ಟಿಕೆಟ್ ಇಲ್ಲದಿರುವುದರ ದೊಡ್ಡ ಲಾಭ ಹಣದಲ್ಲಿಲ್ಲ. ದುಡ್ಡು ಕೊಟ್ಟು ಒಳಗೆ ಹೋದ ಹಿರಿಯರು ಕಾಲು ಸೋತರೂ ‘ಕೊಟ್ಟಿದ್ದು ದಂಡವಾಗಬಾರದು’ ಎಂದು ಕೊನೆಯ ಕೋಣೆಯವರೆಗೆ ನಡೆಯುತ್ತಾರೆ. ಉಚಿತವಾದಲ್ಲಿ ಒಂದು ಗಂಟೆ ನೋಡಿ ಹೊರಬಂದು, ಮನಸ್ಸಾದರೆ ನಾಳೆ ಮತ್ತೆ ಹೋಗಬಹುದು. ನ್ಯಾಷನಲ್ ಗ್ಯಾಲರಿಯಲ್ಲಿ ಚಿತ್ರಗಳ ಎದುರಿಗೇ ಕೂರುವ ಆಸನಗಳಿವೆ. ಟರ್ನರ್ ಬಿಡಿಸಿದ ಹಳೆಯ ಯುದ್ಧನೌಕೆಯ ಚಿತ್ರದ ಮುಂದೆ ಕಾಲು ಗಂಟೆ ಕುಳಿತು ಬರುವುದೂ ಒಂದು ಪೂರ್ಣ ಭೇಟಿಯೇ.

ವೆಸ್ಟ್‌ಮಿನ್‌ಸ್ಟರ್ ಅಬೆ ಮತ್ತು ಸೇಂಟ್ ಪಾಲ್ಸ್‌ಗಳ ಪ್ರವೇಶ ಶುಲ್ಕ ದುಬಾರಿಯಾದರೂ ಅಲ್ಲಿನ ಸಂಜೆಯ ಪ್ರಾರ್ಥನೆಗೆ ಟಿಕೆಟ್ ಬೇಕಿಲ್ಲ. ಸೇಂಟ್ ಪಾಲ್ಸ್‌ನಲ್ಲಿ ಸೋಮವಾರದಿಂದ ಶನಿವಾರದವರೆಗೆ ಸಾಮಾನ್ಯವಾಗಿ ಸಂಜೆ 5 ಗಂಟೆಗೆ ಗಾಯಕವೃಂದದ ಹಾಡುಗಾರಿಕೆಯೊಂದಿಗೆ ಅದು ನಡೆಯುತ್ತದೆ. ಫೋಟೋ ತೆಗೆಯುವಂತಿಲ್ಲ, ಮುಕ್ಕಾಲು ಗಂಟೆ ಸುಮ್ಮನೆ ಕುಳಿತು ಕೇಳಬೇಕು. ನಡೆದು ದಣಿದವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಸಿಗಲಾರದು. ಎತ್ತರದಿಂದ ನಗರ ನೋಡುವ ಆಸೆಗೆ ಸ್ಕೈ ಗಾರ್ಡನ್ ಸಾಕು: ಫೆನ್‌ಚರ್ಚ್ ಸ್ಟ್ರೀಟ್‌ನ ಆ ಕಟ್ಟಡದ 35ನೇ ಮಹಡಿಗೆ ಲಿಫ್ಟ್ ಇದೆ, ಪ್ರವೇಶ ಉಚಿತ, ಆದರೆ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಬೇಕು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ದಂಡೆಯ ಹಾದಿ ಸಮತಟ್ಟಾಗಿದೆ. ನಿಮ್ಮ ತಾಯಿಯವರು ನಕಾಶೆಯಲ್ಲಿ ತೋರಿಸುತ್ತಿದ್ದ ನದಿಯನ್ನು ಮೊದಲು ನೋಡುವ ಜಾಗ ಅದೇ ಆಗಲಿ. ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ಕಾವಲು ಬದಲಾವಣೆಯನ್ನು ಮಾತ್ರ ಪಟ್ಟಿಯಿಂದ ಹೊಡೆದುಹಾಕಿ. ಕಂಬಿ ಹಿಡಿದು ಒಂದು ಗಂಟೆ ನಿಂತರೂ ಕಾಣುವುದು ಮುಂದಿನವರ ಬೆನ್ನು. ಅದೇ ಹೊತ್ತನ್ನು ಪಕ್ಕದ ಸೇಂಟ್ ಜೇಮ್ಸ್ ಪಾರ್ಕ್‌ನ ಬೆಂಚಿನಲ್ಲಿ ಕಳೆಯಿರಿ. 1664ರಲ್ಲಿ ರಷ್ಯದ ರಾಯಭಾರಿ ಕೊಟ್ಟ ಕಾಣಿಕೆಯಿಂದ ಆರಂಭವಾಗಿ ಪೆಲಿಕನ್ ಹಕ್ಕಿಗಳು ಅಲ್ಲಿನ ಕೆರೆಯಲ್ಲಿವೆ.

ಹಣ ಕೊಟ್ಟು ನೋಡುವುದಕ್ಕೆ ಒಂದೇ ಒಂದನ್ನು ಆರಿಸಿಕೊಳ್ಳಿ, ಅದನ್ನು ತಾಯಿಯವರೇ ಆರಿಸಲಿ. ‘ಏನು ನೋಡಬೇಕು’ ಎಂಬ ತೆರೆದ ಪ್ರಶ್ನೆಗೆ ಅವರು ಉತ್ತರಿಸುವುದಿಲ್ಲ, ಏಕೆಂದರೆ ಆಸೆ ಹೇಳಿದರೆ ಖರ್ಚು ಹೆಚ್ಚೀತೆಂಬ ಅಂಜಿಕೆ ಅದರ ಹಿಂದಿದೆ. ಎರಡು ಚಿತ್ರಗಳನ್ನು ಮುಂದಿಟ್ಟು ‘ಇದೋ ಅದೋ’ ಎಂದು ಕೇಳಿ. ಕೊಹಿನೂರು ಬೇಕೆಂದರೆ ಟವರ್ ಆಫ್ ಲಂಡನ್. 1937ರಲ್ಲಿ ಸಿದ್ಧವಾದ ರಾಣಿಯ ಕಿರೀಟದಲ್ಲಿ ಆ ವಜ್ರವಿದೆ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನೇರವಾಗಿ ಆಭರಣಗಳ ಕಟ್ಟಡಕ್ಕೆ ನಡೆಯಿರಿ. ಅಂಗಳದಲ್ಲಿ ಉರುಟುಗಲ್ಲುಗಳ ಹಾಸಿದೆ, ವೈಟ್ ಟವರ್‌ನೊಳಗೆ ಸುರುಳಿ ಮೆಟ್ಟಿಲುಗಳಿವೆ. ಆ ಕಟ್ಟಡವನ್ನು ಹೊರಗಿನಿಂದ ನೋಡಿದರೂ ನಷ್ಟವಿಲ್ಲ.

ಊಟಕ್ಕೆ ಮಧ್ಯಾಹ್ನ ಸೂಪರ್ ಮಾರ್ಕೆಟ್ಟಿನ ಸಿದ್ಧ ತಿನಿಸು ಸಾಕಾಗುತ್ತದೆ, ನಲ್ಲಿಯ ನೀರು ಕುಡಿಯಲು ಯೋಗ್ಯ. ಸಕ್ಕರೆ ಕಾಯಿಲೆಯವರಾದ್ದರಿಂದ ಅಗ್ಗದ ಹೋಟೆಲನ್ನು ಹುಡುಕುತ್ತ ಊಟದ ಹೊತ್ತು ಮೀರಿಸಬೇಡಿ. ಹಾಲಿನಿಂದ ಅಥವಾ ಮಾಂಸದಿಂದ ಮಾಡಿದ ಪದಾರ್ಥಗಳನ್ನು ಹೊರಗಿನಿಂದ ತರಲು ಬ್ರಿಟನ್ನಿನಲ್ಲಿ ಅನುಮತಿಯಿಲ್ಲ; ಕಟ್ಟಿಕೊಂಡು ಹೋಗುವ ಬುತ್ತಿಯಲ್ಲಿ ಅವು ಇರದಂತೆ ನೋಡಿಕೊಳ್ಳಿ. ಶೌಚಾಲಯದ ಮಾತನ್ನು ಯಾರೂ ಬರೆಯುವುದಿಲ್ಲ, ಹಿರಿಯರಿಗಂತೂ ಅದೇ ಮೊದಲ ಚಿಂತೆ, ಅದಕ್ಕಾಗಿಯೇ ನೀರು ಕುಡಿಯದೆ ಇದ್ದುಬಿಡುತ್ತಾರೆ. ವಸ್ತುಸಂಗ್ರಹಾಲಯಗಳಲ್ಲಿಯೂ ವಾಟರ್‌ಲೂ, ಕಿಂಗ್ಸ್ ಕ್ರಾಸ್, ಪ್ಯಾಡಿಂಗ್ಟನ್‌ನಂಥ ದೊಡ್ಡ ರೈಲು ನಿಲ್ದಾಣಗಳಲ್ಲಿಯೂ ಅದು ಉಚಿತ. ದಿನದ ದಾರಿಯನ್ನು ಗುರುತಿಸುವಾಗಲೇ ಅವನ್ನೂ ಗುರುತಿಸಿಕೊಂಡು, ತಾಯಿಯವರಿಗೆ ಬೆಳಿಗ್ಗೆಯೇ ಹೇಳಿಬಿಡಿ.

ಕೊನೆಯದಾಗಿ, ಪ್ರಯಾಣ ವಿಮೆಯಲ್ಲಿ ಕೈ ಬಿಗಿ ಮಾಡಬೇಡಿ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ತುರ್ತು ವಿಭಾಗದ ಚಿಕಿತ್ಸೆ ಎಲ್ಲರಿಗೂ ಉಚಿತ, ಆದರೆ ಒಳರೋಗಿಯಾಗಿ ದಾಖಲಾದ ಕ್ಷಣದಿಂದ ಪ್ರವಾಸಿಗಳಿಗೆ ಸಾಮಾನ್ಯ ವೆಚ್ಚದ ಒಂದೂವರೆ ಪಟ್ಟು ವಿಧಿಸುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿ ನೋವು ಮೂರನ್ನೂ ವಿಮೆಯ ಅರ್ಜಿಯಲ್ಲಿ ಬರೆಯಿರಿ; ಕಂತು ಕಡಿಮೆಯಾಗಲೆಂದು ಮುಚ್ಚಿಟ್ಟರೆ ಬೇಕಾದ ದಿನ ಆ ಕಾಗದ ಉಪಯೋಗಕ್ಕೆ ಬಾರದು. ಮಾತ್ರೆಗಳು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿರಲಿ. ಅಲ್ಲಿ ತುರ್ತು ಕರೆಗೆ 999, ವೈದ್ಯಕೀಯ ಸಲಹೆಗೆ 111.

ಪ್ರಶ್ನೆ: ನನ್ನ ತಂದೆಗೆ ಎಪ್ಪತ್ತೊಂದು. ಒಂದು ಕಿಲೋಮೀಟರ್ ನಡೆದರೆ ಸಾಕಾಗಿಹೋಗುತ್ತಾರೆ, ಆದರೆ ವೀಲ್‌ಚೇರ್ ಎಂದರೆ ಸಿಟ್ಟಾಗುತ್ತಾರೆ. ಲಂಡನ್ನಿನ ಜನಸಂದಣಿಯಲ್ಲಿ ಅವರು ನನ್ನಿಂದ ತಪ್ಪಿಸಿಕೊಂಡರೆ ಎಂಬ ಭಯವೂ ಇದೆ. ಏನು ಮಾಡಲಿ?

ಉತ್ತರ: ಹೀಥ್ರೂವಿನಲ್ಲಿ ವಿಮಾನದಿಂದ ವಲಸೆ ತಪಾಸಣೆಯ ಸಾಲಿಗೆ ನಡೆಯುವುದಕ್ಕೇ ನಿಮ್ಮ ತಂದೆಯವರ ಒಂದು ಕಿಲೋಮೀಟರ್ ಮುಗಿದುಹೋಗಬಹುದು. ಹಾರಾಟಕ್ಕೆ ಕನಿಷ್ಠ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಿದರೆ ಸಹಾಯಕರು ಕುರ್ಚಿಯೊಂದಿಗೆ ಬರುತ್ತಾರೆ. ಈ ಸೇವೆ ಕಾನೂನಿನ ಪ್ರಕಾರ ಉಚಿತ. ತಂದೆಯವರೊಡನೆ ವಾದಕ್ಕಿಳಿಯಬೇಡಿ. ‘ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ, ನನಗೂ ದಾರಿ ಹುಡುಕುವ ಕಷ್ಟವಿಲ್ಲ’ ಎಂದು ನಿಮ್ಮ ಅನುಕೂಲವನ್ನೇ ಮುಂದೆ ಮಾಡಿ. ಮಕ್ಕಳಿಗೆ ಉಪಕಾರವಾಗುವುದಾದರೆ ತಂದೆಯಂದಿರು ಎಂಥ ಕುರ್ಚಿಯಲ್ಲಾದರೂ ಕೂರುತ್ತಾರೆ. ನಗರದೊಳಗೆ ಕುರ್ಚಿಯ ಮಾತನ್ನೇ ಎತ್ತದಿದ್ದರೂ ನಡೆಯುತ್ತದೆ. ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಕೇಳಿದರೆ ಮಡಚುವ ಪುಟ್ಟ ಸ್ಟೂಲುಗಳನ್ನು ಕೊಡುತ್ತಾರೆ; ಅದನ್ನು ಕೈಯಲ್ಲಿ ಹಿಡಿದು ಬೇಕಾದಲ್ಲಿ ಕುಳಿತು ನೋಡುವವರು ಎಲ್ಲ ವಯಸ್ಸಿನವರೂ ಇರುತ್ತಾರೆ.

ತಪ್ಪಿಸಿಕೊಳ್ಳುವ ಭಯ ಅನಗತ್ಯವಲ್ಲ. ಟ್ಯೂಬ್ ರೈಲಿನ ಬಾಗಿಲು ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತದೆ, ಒಬ್ಬರು ಒಳಗೆ, ಒಬ್ಬರು ಹೊರಗೆ ಉಳಿಯುವುದು ಅಪರೂಪವೇನಲ್ಲ. ಆಳದ ಸುರಂಗದಲ್ಲಿ ಮೊಬೈಲ್ ಸಿಗದೆಯೂ ಇರಬಹುದು. ಆದ್ದರಿಂದ ಮೊದಲ ದಿನವೇ ಒಂದು ನಿಯಮ ಮಾಡಿಕೊಳ್ಳಿ: ರೈಲಿನಲ್ಲಿ ಹೋದವರು ಮುಂದಿನ ನಿಲ್ದಾಣದಲ್ಲಿಯೇ ಇಳಿದು, ಇಳಿದ ಜಾಗದಲ್ಲಿಯೇ ನಿಂತಿರಬೇಕು, ಉಳಿದವರು ಮುಂದಿನ ರೈಲು ಹಿಡಿದು ಬರಬೇಕು. ಇಬ್ಬರೂ ಹುಡುಕಲು ಹೊರಟರೆ ಮಾತ್ರ ಕೆಡುತ್ತದೆ. ಹೋಟೆಲಿನ ಹೆಸರು, ವಿಳಾಸ, ನಿಮ್ಮ ನಂಬರನ್ನು ದಪ್ಪಕ್ಷರದಲ್ಲಿ ಬರೆದ ಕಾಗದವೊಂದು ಅವರ ಅಂಗಿಯ ಕಿಸೆಯಲ್ಲಿರಲಿ. ಫೋನಿನ ಬ್ಯಾಟರಿ ಮುಗಿದರೂ ಕಾಗದ ಇರುತ್ತದೆ. ಕಾವೆಂಟ್ ಗಾರ್ಡನ್ ನಿಲ್ದಾಣದಲ್ಲಿ ಲಿಫ್ಟಿಗೆ ಸಾಲು ಉದ್ದವಿದೆಯೆಂದು ಮೆಟ್ಟಿಲು ಹಿಡಿಯಬೇಡಿ. ಅಲ್ಲಿ 193 ಮೆಟ್ಟಿಲುಗಳಿವೆ.

ಪ್ರಶ್ನೆ: ತಂದೆತಾಯಿಯೊಂದಿಗೆ ಲಂಡನ್ನಿಗೆ ಹೋಗಲು ಯಾವ ತಿಂಗಳು ಅಗ್ಗ?

ಉತ್ತರ: ಅಗ್ಗವೆಂದರೆ ಜನವರಿ, ಫೆಬ್ರುವರಿ. ಆದರೆ ಆಗ ಚಳಿಯೊಂದಿಗೆ ಬೇಗನೆ ಕತ್ತಲೂ ಆಗುತ್ತದೆ. ಡಿಸೆಂಬರ್ ನಡುವಿನಲ್ಲಿ ನಾಲ್ಕು ಗಂಟೆಗೂ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಾದರೆ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಹಗಲು ಉದ್ದವಿದ್ದರೆ ಮಧ್ಯಾಹ್ನ ಮಲಗಿ ಎದ್ದವರಿಗೆ ಇನ್ನೊಂದು ಪೂರ್ತಿ ಸಂಜೆ ಉಳಿದಿರುತ್ತದೆ. ನನ್ನ ಆಯ್ಕೆ ಮೇ ಆರಂಭ ಅಥವಾ ಸೆಪ್ಟೆಂಬರ್ ಮಧ್ಯಭಾಗ. ಡಿಸೆಂಬರ್ 25ರಂದು ಬಸ್ಸು, ಟ್ಯೂಬ್ ಯಾವುದೂ ಓಡುವುದಿಲ್ಲವಾದ್ದರಿಂದ ಆ ದಿನ ಬಂದಿಳಿಯುವ ಅಗ್ಗದ ಟಿಕೆಟ್ಟಿಗೆ ಮರುಳಾಗಬೇಡಿ.

ಪ್ರಶ್ನೆ: ಹಲವು ಸ್ಥಳಗಳಿಗೆ ಒಟ್ಟಾಗಿ ಅನ್ವಯಿಸುವ ಪ್ರವಾಸಿ ಪಾಸ್ ಕೊಳ್ಳುವುದು ಲಾಭವೆ? ಅರವತ್ತು ದಾಟಿದವರಿಗೆ ಬಸ್ಸಿನಲ್ಲಿ ರಿಯಾಯಿತಿ ಇದೆಯೆ?

ಉತ್ತರ: ಅಂಥ ಪಾಸುಗಳು ದಿನಕ್ಕೆ ಮೂರು ನಾಲ್ಕು ಶುಲ್ಕದ ಸ್ಥಳಗಳನ್ನು ಓಡೋಡಿ ನೋಡುವವರಿಗೆ ಲಾಭ, ಹಿರಿಯರ ಜೊತೆ ಹೋಗುವವರು ಕೊಳ್ಳುವುದು ಬೇಡ. ಬಸ್ಸಿನ ಮತ್ತು ಟ್ಯೂಬಿನ ಹಿರಿಯರ ರಿಯಾಯಿತಿ ಕಾರ್ಡುಗಳು ಲಂಡನ್ ನಿವಾಸಿಗಳಿಗೆ ಮಾತ್ರ. ಆದರೆ ಟವರ್ ಆಫ್ ಲಂಡನ್, ವೆಸ್ಟ್‌ಮಿನ್‌ಸ್ಟರ್ ಅಬೆಯಂಥ ಕಡೆಗಳಲ್ಲಿ 65 ದಾಟಿದವರಿಗೆ ಪ್ರವೇಶ ದರ ಕಡಿಮೆಯಿದೆ, ಅದಕ್ಕೆ ಅಲ್ಲಿಯ ನಿವಾಸಿಯೇ ಆಗಿರಬೇಕೆಂದಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ವಯಸ್ಕರ ಟಿಕೆಟನ್ನೇ ಒತ್ತಿಬಿಡದೆ ಕೆಳಗಿನ ಸಾಲುಗಳನ್ನೂ ನೋಡಿ, ಹೋಗುವ ದಿನ ಜನ್ಮದಿನಾಂಕವಿರುವ ಗುರುತಿನ ಚೀಟಿಯೊಂದನ್ನು ಜೊತೆಯಲ್ಲಿಟ್ಟುಕೊಳ್ಳಿ.